ಮನಸ್ಸಲ್ಲಿ ಸ್ತೋತ್ರ ಇಲ್ಲದಾಗ ಕರ್ತನ ಮೇಜಿಗೆ ಹೋಗಬಹುದಾ?

ಜೆಪ್ಪುವಿನವಳು:
ಎಲ್ಲರಿಗೂ ನಮಸ್ಕಾರ. ಒಂದು ವಿಷಯ ಕೇಳಬೇಕಿತ್ತು, ಸ್ವಲ್ಪ ಉದ್ದ ಆಗಬಹುದು. ನಮ್ಮ ಚಿಕ್ಕಮ್ಮ ಮಂಗಳೂರಲ್ಲೇ ಇರುವುದು, ಹುಟ್ಟಿದಂದಿನಿಂದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟಂಟ್ ಪಂಗಡ) ಸಭೆಯವರು. ಚಿಕ್ಕಪ್ಪ ತೀರಿಕೊಂಡ ಮೇಲೆ ಅವರು ಆರಾಧನೆಗೆ ಬರುವುದನ್ನೇನೂ ಬಿಟ್ಟಿಲ್ಲ, ಹಾಡುತ್ತಾರೆ ಕೂಡ, ಆದರೆ ಸಂಸ್ಕಾರದ ಹೊತ್ತಿಗೆ, ಅಂದ್ರೆ ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ಎಲ್ಲರೂ ಎದ್ದು ಮುಂದೆ ಕರ್ತನ ಮೇಜಿಗೆ ಹೋಗುವಾಗ ಅವರೊಬ್ಬರು ಬೆಂಚಲ್ಲೇ ಕೂತಿರುತ್ತಾರೆ. ಯಾಕೆ ಅಂತ ಕೇಳಿದ್ರೆ ಹೇಳಿದ್ದು ಇಷ್ಟೇ: "ಅಲ್ಲಿ ಕೃತಜ್ಞತೆಯಿಂದ ದೇವರಿಗೆ ಸ್ತೋತ್ರ ಅಂತ ಹೇಳ್ಬೇಕಲ್ವಾ, ನನ್ನ ಬಾಯಲ್ಲಿ ಅದು ಬರುವುದಿಲ್ಲ. ಸುಳ್ಳು ಹೇಳಿ ರೊಟ್ಟಿ ತಿನ್ನುವುದು ಬೇಡ."

ನನಗೆ ಉತ್ತರ ಹೊಳೆಯಲಿಲ್ಲ. ಸಿಟ್ಟಿನಿಂದ ದೂರ ಕೂತವರಲ್ಲ ಅವರು, ದೇವರ ಮುಂದೆ ಪ್ರಾಮಾಣಿಕವಾಗಿರಬೇಕು ಅಂತಲೇ ಹಾಗೆ ಮಾಡ್ತಾ ಇದ್ದಾರೆ. ಆದ್ರೂ ಏನೋ ಸರಿ ಇಲ್ಲ ಅನ್ನಿಸ್ತದೆ. ಕೃತಜ್ಞತೆ ಇಲ್ಲದವರಿಗೆ ಆ ಮೇಜಿನಲ್ಲಿ ಜಾಗ ಇಲ್ವಾ? ಬೇರೆ ಬೇರೆ ಸಭೆಯವರು ಇಲ್ಲಿ ಇದ್ದೀರಿ, ನಿಮ್ಮಲ್ಲಿ ಇದನ್ನು ಹೇಗೆ ನೋಡ್ತೀರಿ ಅಂತ ಹೇಳಿ.

ಕಲ್ಯಾಣಪುರ ಕೊಂಕಣಿ:
ಮೊದಲು ನಿಮ್ಮ ಚಿಕ್ಕಮ್ಮನಿಗೆ ನನ್ನ ಪ್ರಾರ್ಥನೆ ಉಂಟು ಅಂತ ಹೇಳಿ. ನಾನು ಕಥೋಲಿಕ, ನಮ್ಮಲ್ಲಿ ಲೆಕ್ಕ ಸ್ವಲ್ಪ ಬೇರೆ. ಗಂಭೀರವಾದ ಪಾಪ ಮನಸ್ಸಲ್ಲಿದ್ದರೆ ಮೊದಲು ಗುರುಗಳ ಹತ್ತಿರ ಪಾಪನಿವೇದನೆ, ಆಮೇಲೆ ಪರಮಪ್ರಸಾದ (ನೀವು ಸಂಸ್ಕಾರ ಅನ್ನುವುದಕ್ಕೆ ನಮ್ಮ ಹೆಸರು). ಆದರೆ ದುಃಖ ಪಾಪ ಅಲ್ಲ. ಗಂಡ ಹೋದವಳಿಗೆ ಸಂತೋಷ ಇಲ್ಲ ಅಂತ ಯಾವ ಗುರುಗಳೂ ಪ್ರಸಾದ ಬೇಡ ಅನ್ನುವುದಿಲ್ಲ.

ಇನ್ನೊಂದು ವಿಷಯ. "ನನಗೆ ಯೋಗ್ಯತೆ ಇಲ್ಲ" ಅಂತ ದೂರ ಉಳಿಯುವುದು ಹೊಸತಲ್ಲ. ಹಿಂದಿನ ಕಾಲದಲ್ಲಿ ಜನ ಪೂಜೆಗೆ ಬಂದು ದೂರದಿಂದ ನೋಡಿ ಹೋಗುತ್ತಿದ್ದರು, ಬಾಯಿಗೆ ತೆಗೆದುಕೊಳ್ಳುತ್ತಿದ್ದದ್ದು ಅಪರೂಪ. ಎಷ್ಟು ಅಪರೂಪ ಅಂದ್ರೆ 1215ರಲ್ಲಿ ರೋಮಿನಲ್ಲಿ ಬಿಷಪರು ಸೇರಿದ ಲ್ಯಾಟರನ್ ಮಹಾಸಭೆ ವರ್ಷಕ್ಕೆ ಒಂದು ಸಲ, ಈಸ್ಟರ್ ಹೊತ್ತಿಗಾದರೂ ತೆಗೆದುಕೊಳ್ಳಲೇಬೇಕು ಅಂತ ಕಟ್ಟಳೆ ಮಾಡಬೇಕಾಯಿತು. 1905ರಲ್ಲಿ ಹತ್ತನೇ ಪಿಯುಸ್ ಪೋಪರು ಪದೇ ಪದೇ, ಸಾಧ್ಯವಾದರೆ ದಿನಾಲೂ ತೆಗೆದುಕೊಳ್ಳಿ ಅಂದರು. 1910ರಲ್ಲಿ ಏಳು ವರ್ಷದ ಆಸುಪಾಸಿನ ಮಕ್ಕಳಿಗೂ ಕೊಡಬಹುದು ಅಂತಾಯಿತು. ನಮ್ಮೂರಲ್ಲಿ ಬಿಳಿ ಬಟ್ಟೆ ಹಾಕಿದ ಸಣ್ಣ ಮಕ್ಕಳ ಮೊದಲ ಪರಮಪ್ರಸಾದ ನೋಡ್ತೇವಲ್ಲ, ಆ ವಯಸ್ಸಿಗೆ ಅದು ಬಂದದ್ದು ಹಾಗೆ. ಇದು ಒಳ್ಳೆಯವರಿಗೆ ಕೊಡುವ ಬಹುಮಾನ ಅಲ್ಲ, ಬಲ ಇಲ್ಲದವರಿಗೆ ಆಹಾರ ಅನ್ನುವುದು ಆ ತೀರ್ಮಾನದ ಹಿಂದಿನ ವಿಚಾರ.

ಹಂಪನಕಟ್ಟೆ ಹಿರಿಯ:
ಸ್ವಲ್ಪ ಗಟ್ಟಿಯಾಗಿಯೇ ಹೇಳ್ತೇನೆ, ಬೇಜಾರು ಮಾಡ್ಬೇಡಿ. ಈಗ ಎಲ್ಲವನ್ನೂ ಸಲೀಸು ಮಾಡುವ ಅಭ್ಯಾಸ ಆಗಿದೆ. ಬೈಬಲಿನಲ್ಲಿ ಅಪೊಸ್ತಲ ಪೌಲನು ಕೊರಿಂಥ ಊರಿನ ಸಭೆಯವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯ ಓದಿ. ಅಯೋಗ್ಯವಾಗಿ ತಿಂದವನು ಕರ್ತನ ದೇಹಕ್ಕೆ ಅಪರಾಧಿ, ಆದ್ದರಿಂದ ಪ್ರತಿಯೊಬ್ಬನೂ ತನ್ನನ್ನು ಪರೀಕ್ಷೆ ಮಾಡಿಕೊಳ್ಳಲಿ ಅಂತ ಅಲ್ಲಿ ಉಂಟು. ನಮ್ಮ ಹಿರಿಯರು ಸಂಸ್ಕಾರದ ಹಿಂದಿನ ದಿನ ಮನೆಯಲ್ಲಿ ಜಗಳ ಇದ್ದರೆ ಮಾತಾಡಿ ಸರಿ ಮಾಡಿಕೊಂಡೇ ಬರುತ್ತಿದ್ದರು. ಈಗ ಕಾಫಿ ಕುಡಿದು ಮೊಬೈಲ್ ನೋಡ್ತಾ ಬಂದು ಸಾಲಲ್ಲಿ ನಿಲ್ತಾರೆ. ಜೆಪ್ಪುವಿನವರ ಚಿಕ್ಕಮ್ಮ ಅಷ್ಟಾದರೂ ಯೋಚನೆ ಮಾಡಿದ್ದಾರೆ. ಆ ಭಯಭಕ್ತಿಗೆ ನಾನು ಮರ್ಯಾದೆ ಕೊಡ್ತೇನೆ.

ಬಲ್ಮಠ ವಿದ್ಯಾರ್ಥಿ:
ಹಿರಿಯರು ಹೇಳಿದ ಭಯಭಕ್ತಿ ನನಗೂ ಬೇಕು. ಆದರೆ ಆ ಅಧ್ಯಾಯವನ್ನು 17ನೇ ವಚನದಿಂದ ಓದಿ ಅಂತ ಕೈ ಮುಗಿದು ಕೇಳ್ತೇನೆ. ಅಲ್ಲಿ ಪೌಲನ ಸಿಟ್ಟು ಯಾರ ಮೇಲೆ? ಅತ್ತವರ ಮೇಲೆ ಅಲ್ಲ, ಸಂಶಯ ಇದ್ದವರ ಮೇಲೂ ಅಲ್ಲ. ಕೊರಿಂಥದಲ್ಲಿ ಕರ್ತನ ಭೋಜನ ಅಂದರೆ ನಿಜವಾದ ಊಟವೇ ಆಗಿತ್ತು. ಇದ್ದವರು ಮೊದಲೇ ಬಂದು ಹೊಟ್ಟೆ ತುಂಬ ತಿಂದು ಕುಡಿದು ಮತ್ತರಾಗುತ್ತಿದ್ದರು, ಇಲ್ಲದವರು ಹಸಿದು ನಿಲ್ಲುತ್ತಿದ್ದರು. ಇಲ್ಲದವರನ್ನು ನಾಚಿಕೆಪಡಿಸುತ್ತೀರಾ ಅಂತ ಪೌಲ ಗದರಿಸುತ್ತಾನೆ. ಆ ಮಾತು ಮುಗಿಯುವುದೂ ಒಬ್ಬರಿಗೊಬ್ಬರು ಕಾದುಕೊಂಡಿರಿ ಅನ್ನುವಲ್ಲಿ. ಅಂದ ಮೇಲೆ ಅಯೋಗ್ಯವಾಗಿ ತಿನ್ನುವುದು ಅಂದರೆ ಪಕ್ಕದವರನ್ನು ಬಿಟ್ಟು ತಿನ್ನುವುದು. ಅಳುತ್ತಾ ಬರುವ ವಿಧವೆಗೆ ಈ ಎಚ್ಚರಿಕೆಯನ್ನು ತಿರುಗಿಸಿದರೆ ಅದು ಪೂರ್ತಿ ಉಲ್ಟಾ ಆಗ್ತದೆ. ಹಾಗೆ ನೋಡಿದರೆ ಪರೀಕ್ಷೆ ಮಾಡಿಕೊಳ್ಳಬೇಕಾದವರು ಅವರ ಪಕ್ಕದ ಬೆಂಚಿನವರು, ಅವರನ್ನು ಕಾಯದೆ ಎದ್ದು ಹೋದ ನಾವು.

ಈಗ ಸ್ತೋತ್ರದ ವಿಷಯ. ಚಿಕ್ಕಮ್ಮ ಹೇಳಿದ್ದು ಎದೆಗೆ ತಾಗಿತು. ಆದರೆ ಆ ಮೇಜಿನಲ್ಲಿ ಮೊದಲು ಸ್ತೋತ್ರ ಹೇಳಿದ್ದು ಯಾರು, ಯಾವಾಗ ಅಂತ ನೋಡಬೇಕು. ಯೇಸು ರೊಟ್ಟಿ ಕೈಯಲ್ಲಿ ಹಿಡಿದು ದೇವರಿಗೆ ಸ್ತೋತ್ರ ಹೇಳಿದ್ದು ತಾನು ಹಿಡಿದುಕೊಡಲ್ಪಟ್ಟ ರಾತ್ರಿಯಲ್ಲಿ. ಹಿಡಿದುಕೊಡುವವನು ಅದೇ ಮೇಜಿನಲ್ಲಿದ್ದ. ಬೆಳಗಾಗುವುದರೊಳಗೆ ಪೇತ್ರ ಇವನನ್ನು ಅರಿಯೆ ಅನ್ನುವವನಿದ್ದ. ಉಪಕಾರ ಸಿಕ್ಕಿದ ಖುಷಿಯಲ್ಲಿ ಹೇಳಿದ ಸ್ತೋತ್ರ ಅದಲ್ಲ. ಊಟ ಆದ ಮೇಲೆ ಕೀರ್ತನೆ ಹಾಡಿ ಎಣ್ಣೆಮರಗಳ ಗುಡ್ಡಕ್ಕೆ ಹೊರಟರು ಅಂತ ಮಾರ್ಕ ಬರೆಯುತ್ತಾನೆ. ಅದು ಯೆಹೂದ್ಯರ ಪಸ್ಕ ಹಬ್ಬದ ಊಟ, ಅದರಲ್ಲಿ ಅವರು ಹಾಡುವುದು ಬೈಬಲಿನ 113ರಿಂದ 118ರವರೆಗಿನ ಕೀರ್ತನೆಗಳು. ಅದರಲ್ಲಿ 116 ಓದಿ ನೋಡಿ, ಚಿಕ್ಕಮ್ಮನಿಗೂ ಓದಿ ಹೇಳಿ. ಮರಣದ ಹಗ್ಗ ನನ್ನನ್ನು ಸುತ್ತಿಕೊಂಡಿತು ಅನ್ನುತ್ತಾನೆ ಕೀರ್ತನೆಗಾರ, ಮನುಷ್ಯರೆಲ್ಲ ಸುಳ್ಳುಗಾರರು ಅಂತ ಗಾಬರಿಯಲ್ಲಿ ಹೇಳಿಬಿಟ್ಟೆ ಅನ್ನುತ್ತಾನೆ, ಅದೇ ಉಸಿರಲ್ಲಿ ರಕ್ಷಣೆಯ ಪಾತ್ರೆ ಎತ್ತುತ್ತೇನೆ ಅನ್ನುತ್ತಾನೆ. ಗಾಬರಿಯ ಮಾತನ್ನು ಯಾರೂ ಆ ಕೀರ್ತನೆಯಿಂದ ತೆಗೆದುಹಾಕಲಿಲ್ಲ.

ನನ್ನ ಅಭಿಪ್ರಾಯ ಇಷ್ಟು. ಅಲ್ಲಿಗೆ ನಾವು ನಮ್ಮ ಸ್ತೋತ್ರ ಹೊತ್ತುಕೊಂಡು ಹೋಗಲೇಬೇಕು ಅಂತಿಲ್ಲ. ಅಲ್ಲಿ ಈಗಾಗಲೇ ಒಬ್ಬನು ಹೇಳಿದ ಸ್ತೋತ್ರ ಉಂಟು, ಸಭೆ ಅದನ್ನೇ ಮುಂದುವರಿಸುತ್ತಿದೆ. ಬಾಯಿ ಬಾರದವರು ಅದರ ಒಳಗೆ ಬಂದು ನಿಂತರೆ ಸಾಕು.

ಹಂಪನಕಟ್ಟೆ ಹಿರಿಯ:
17ನೇ ವಚನದ ಮಾತು ಒಪ್ಪತಕ್ಕದ್ದೇ. ಆದರೂ ಪರೀಕ್ಷೆ ಅನ್ನುವುದನ್ನು ಪೂರ್ತಿ ಪಕ್ಕದವರ ಕಡೆಗೆ ತಿರುಗಿಸಬೇಡಿ. ಮನುಷ್ಯ ತನ್ನ ಒಳಗೆ ನೋಡಿಕೊಳ್ಳಲೇಬೇಕು.

ಬಲ್ಮಠ ವಿದ್ಯಾರ್ಥಿ:
ನೋಡಿಕೊಳ್ಳಲಿ, ಬೇಡ ಅನ್ನುವುದಿಲ್ಲ. ಆದರೆ ವಾಕ್ಯ ಹೇಳುವುದು ಪರೀಕ್ಷಿಸಿಕೊಂಡು ತಿನ್ನಲಿ ಅಂತ. ಪರೀಕ್ಷಿಸಿಕೊಂಡು ಕೂತುಬಿಡಲಿ ಅಂತ ಅಲ್ಲಿ ಇಲ್ಲ.

ಮಣಿಪಾಲದ ಪಕ್ಕದ ಮನೆ:
ನಾನು ಕ್ರೈಸ್ತಳಲ್ಲ, ಗೆಳತಿಯ ಮದುವೆಯ ಪೂಜೆಗೆ ಇಗರ್ಜಿಗೆ ಹೋಗಿದ್ದೆ. ಎಲ್ಲರೂ ಸಾಲಲ್ಲಿ ಹೋದರು, ನನಗೆ ಮಾತ್ರ ಕೂತಿರಲು ಹೇಳಿದರು. ಬೇಜಾರಿಲ್ಲ, ಆದರೆ ಅರ್ಥ ಆಗಲಿಲ್ಲ. ಮಠದಲ್ಲಿ ಊಟಕ್ಕೆ ಯಾರು ಬಂದರೂ ಬಡಿಸುತ್ತಾರೆ. ಮೊಂತಿ ಹಬ್ಬಕ್ಕೆ ಪಕ್ಕದ ಮನೆಯವರು ನಮ್ಮನ್ನೂ ಕರೆಯುತ್ತಾರೆ, ನಮ್ಮಲ್ಲಿ ಪುದ್ವಾರ್ ಅಂತ ಹೊಸ ಅಕ್ಕಿ ಊಟ ಮಾಡುವ ಹಾಗೆಯೇ ಅದೂ ಇರ್ತದೆ. ಹಾಗಿರುವಾಗ ಆ ಚಿಕ್ಕ ಬಿಳಿ ರೊಟ್ಟಿಗೆ ಮಾತ್ರ ಯಾಕೆ ಅಷ್ಟು ನಿಯಮ?

ಕಲ್ಯಾಣಪುರ ಕೊಂಕಣಿ:
ಒಳ್ಳೆ ಪ್ರಶ್ನೆ. ಎರಡನ್ನೂ ಬೇರೆ ಬೇರೆ ಹೇಳ್ತೇನೆ.

ಮೊಂತಿ ಹಬ್ಬ ಸೆಪ್ಟೆಂಬರ್ 8ಕ್ಕೆ, ಮರಿಯ ಮಾತೆಯ ಜನ್ಮದಿನ. ಕರಾವಳಿಯಲ್ಲಿ ಅದೇ ಹೊತ್ತಿಗೆ ಹೊಸ ತೆನೆ ಬರುವುದರಿಂದ ಅದೇ ನಮಗೆ ಬೆಳೆಯ ಕೃತಜ್ಞತೆಯ ಹಬ್ಬವೂ ಆಯಿತು. ಫರಂಗಿಪೇಟೆಯ ಮೊಂತೆ ಮರಿಯಾನೊದಲ್ಲಿ ಫಾದರ್ ಜೋಕಿಂ ಮಿರಾಂದ ಶುರು ಮಾಡಿದ್ದು ಅಂತ ನಮ್ಮ ಹಿರಿಯರು ಹೇಳುವುದು. ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಮಾತೆಗೆ ಹಾಕುತ್ತಾರೆ, ಗುರುಗಳು ಭತ್ತದ ತೆನೆ ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಮನೆಗೆ ತಂದು ದೇವರ ಪೀಠದ ಮುಂದೆ ಇಟ್ಟು, ಕಾಳನ್ನು ಉಗುರಿನಿಂದ ಸುಲಿದು, ಅರೆದು, ತೆಂಗಿನ ಹಾಲಿಗೆ ಹಾಕುತ್ತೇವೆ. ಕಾಳು ಇನ್ನೂ ಎಳೆಯದು, ಸುಲಿಯುವಾಗ ಬೆರಳಿಗೆ ಹಾಲು ಅಂಟುತ್ತದೆ. ಪ್ರಾರ್ಥನೆ ಹೇಳಿ ಮನೆಯ ಹಿರಿಯರು ಮೊದಲು, ಆಮೇಲೆ ಸಣ್ಣವರವರೆಗೆ ಎಲ್ಲರೂ ಒಂದೊಂದು ಗುಟುಕು. ಆಮೇಲೆ ಬಾಳೆಲೆಯಲ್ಲಿ ಸಸ್ಯಾಹಾರಿ ಊಟ, ಅಂಬಟೆ ಹಾಕಿದ ಕೆಸುವಿನ ದಂಟು ಇರಲೇಬೇಕು. ವಿದೇಶದಲ್ಲಿ ಇರುವವರ ಪಾಲಿಗೆ ಒಂದೆರಡು ಕಾಳು ಕಾಗದದಲ್ಲಿ ಕಟ್ಟಿ ಕಳಿಸುವವರೂ ಉಂಟು. ಇದಕ್ಕೆ ನೀವು ಬರಬಹುದು, ಬರಲೇಬೇಕು.

ಪರಮಪ್ರಸಾದ ಹಾಗಲ್ಲ. ಅದು ಕ್ರಿಸ್ತನ ದೇಹವೇ ಅನ್ನುವುದು ನಮ್ಮ ನಂಬಿಕೆ. ಗುರುಗಳು ಕೈಯಲ್ಲಿಟ್ಟು ಕ್ರಿಸ್ತನ ದೇಹ ಅಂದಾಗ ನಾವು ಆಮೆನ್ ಅನ್ನುತ್ತೇವೆ. ಆ ಆಮೆನ್ ಅಂದರೆ ಹೌದು, ಇದನ್ನು ನಂಬುತ್ತೇನೆ, ಈ ಸಭೆಗೆ ಸೇರಿದವನು ಅಂತ ಒಪ್ಪಿಗೆ. ನಿಮ್ಮ ಬಾಯಿಂದ ಆ ಮಾತು ಬಲವಂತವಾಗಿ ಹೇಳಿಸುವುದು ನಿಮಗೆ ಮಾಡುವ ಮರ್ಯಾದೆ ಅಲ್ಲ. ಸಿಎಸ್‌ಐಯವರ ಜೊತೆಗೂ ನಮಗೆ ಇನ್ನೂ ಒಂದೇ ಮೇಜು ಆಗಲಿಲ್ಲ. ಅದು ನನಗೆ ನೋವಿನ ವಿಷಯ, ಸುಮ್ನೆ ಮುಚ್ಚಿಡುವುದಿಲ್ಲ.

ಬಲ್ಮಠ ವಿದ್ಯಾರ್ಥಿ:
ಆ ನೋವು ನಮ್ಮ ಕಡೆಯೂ ಉಂಟು. ಪ್ರೊಟೆಸ್ಟಂಟರೇ ತಮ್ಮೊಳಗೆ ಒಡೆದದ್ದೂ ಇದೇ ಮೇಜಿನ ಮೇಲೆ. 1529ರಲ್ಲಿ ಜರ್ಮನಿಯ ಮಾರ್ಬುರ್ಗಿನಲ್ಲಿ ಸುಧಾರಕರಾದ ಜರ್ಮನಿಯ ಲೂಥರ್ ಮತ್ತು ಸ್ವಿಟ್ಜರ್ಲೆಂಡಿನ ಜ್ವಿಂಗ್ಲಿ ಎದುರು ಬದುರು ಕೂತರು, 15 ವಿಷಯಗಳಲ್ಲಿ 14ಕ್ಕೆ ಒಪ್ಪಿದರು, ಕೊನೆಯದರಲ್ಲಿ ಸಿಕ್ಕಿಬಿದ್ದರು. ಕ್ರಿಸ್ತ ರೊಟ್ಟಿಯಲ್ಲಿ ನಿಜವಾಗಿ ಇದ್ದಾನೆ ಅಂತ ಲೂಥರ್, ಇದು ನೆನಪಿಗಾಗಿ ಅಂತ ಜ್ವಿಂಗ್ಲಿ. ಆಮೇಲೆ ಜಿನೀವಾದ ಸುಧಾರಕ ಕ್ಯಾಲ್ವಿನ್ ನಡುವಿನ ದಾರಿ ಹೇಳಿದರು, ಪವಿತ್ರಾತ್ಮನ ಮೂಲಕ ನಾವು ಕ್ರಿಸ್ತನಲ್ಲಿ ನಿಜವಾಗಿ ಪಾಲು ಹೊಂದುತ್ತೇವೆ ಅಂತ. ಅವರಿಗೆ ವಾರ ವಾರ ಸಂಸ್ಕಾರ ಆಗಬೇಕಿತ್ತು, ಜಿನೀವಾದ ಆಡಳಿತ ವರ್ಷಕ್ಕೆ 4 ಸಲ ಸಾಕು ಅಂದಿತು.

1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಹಿಂದೆ ಲೂಥರನ್ನರೂ ಇದ್ದರು, ಜ್ವಿಂಗ್ಲಿ, ಕ್ಯಾಲ್ವಿನ್ ದಾರಿಯ ಸ್ವಿಸ್ ರಿಫಾರ್ಮ್ಡ್ ಜನರೂ ಇದ್ದರು. ಅಲ್ಲಿ ಒಡೆದ ಇಬ್ಬರೂ ಇಲ್ಲಿ ಒಟ್ಟಿಗೆ ಕೆಲಸ ಮಾಡಿದರು. ಇಲ್ಲಿ ಇನ್ನೊಂದು ದೊಡ್ಡ ಪ್ರಶ್ನೆ ಕಾದಿತ್ತು, ಜಾತಿ. ಈ ಕಡೆ ಸಭೆಗೆ ಬಂದವರಲ್ಲಿ ಬಿಲ್ಲವರೇ ಜಾಸ್ತಿ. 1844ರಲ್ಲಿ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದರು. ಬಾವಿಯ ನೀರೇ ಬೇರೆ ಬೇರೆ ಇದ್ದ ಊರಲ್ಲಿ ಇವರೆಲ್ಲ ಒಂದೇ ಮೇಜಿಗೆ ಬರುವುದು ಅಂದರೆ ಏನು ಅಂತ ಒಂದು ಕ್ಷಣ ಯೋಚಿಸಿ. ದೇವರಿಗೆ ಕೃತಜ್ಞತೆ ಅಂದರೆ ಬರೀ ಬಾಯಿಮಾತು ಅಲ್ಲ ಅನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ನಮ್ಮ ಊರಲ್ಲೇ ಬೇರೆ ಇಲ್ಲ. ಒಂದೇ ರೊಟ್ಟಿ ಇರುವುದರಿಂದ ಅನೇಕರಾದ ನಾವು ಒಂದೇ ದೇಹ ಅಂತ ಪೌಲ ಬರೆದದ್ದು ಓದಲು ಸುಲಭ. ನೆಂಟರನ್ನು, ಕಸುಬನ್ನು ಕಳೆದುಕೊಂಡು ಅದನ್ನು ಬದುಕಿದವರು ಅವರು.

ಬ್ರಹ್ಮಾವರದಿಂದ:
ನಮ್ಮನ್ನು ಎಲ್ಲರೂ ಮರೆತುಬಿಡ್ತಾರೆ, ಆದ್ದರಿಂದ ನಾನೇ ಬಂದೆ. ಬ್ರಹ್ಮಾವರದಲ್ಲಿ ಕೊಂಕಣಿ ಮಾತಾಡುವ ಆರ್ಥೊಡಾಕ್ಸ್ ಸಭೆ ಉಂಟು. 1889ರಲ್ಲಿ ಬಿಷಪ್ ಆದ ಗೋವಾದ ಅಲ್ವಾರಿಸ್ ಮಾರ್ ಜೂಲಿಯಸ್ ಅವರ ಕಾಲದಿಂದ ಬಂದದ್ದು, ಇಲ್ಲಿ ಪಾದ್ರಿ ನೊರೊನ್ಹಾ ಅದನ್ನು ಬೆಳೆಸಿದರು.

ಜೆಪ್ಪುವಿನವರೇ, ನಿಮ್ಮ ಪ್ರಶ್ನೆಗೆ ನಮ್ಮ ಆರಾಧನೆಯಲ್ಲಿ ಎರಡು ಉತ್ತರ ಕಾಣ್ತದೆ. ಒಂದು, ಸಿರಿಯನ್ ಆರ್ಥೊಡಾಕ್ಸ್ ಪದ್ಧತಿಯಲ್ಲಿ ಎಳೆ ಮಗುವಿಗೂ ದೀಕ್ಷಾಸ್ನಾನ ಆದ ಕೂಡಲೇ ಕುರ್ಬಾನ (ಸಂಸ್ಕಾರಕ್ಕೆ ನಮ್ಮ ಹೆಸರು) ಕೊಡುತ್ತಾರೆ. ಮಗುವಿಗೆ ಸ್ತೋತ್ರ ಹೇಳಲು ಗೊತ್ತುಂಟಾ? ತಾಯಿಯ ತೋಳಲ್ಲಿ ಅಳುತ್ತಾ ಇರುತ್ತದೆ. ಆದರೂ ಕೊಡುತ್ತಾರೆ, ಯಾಕೆಂದರೆ ಸುತ್ತ ನಿಂತ ಸಭೆ ಅದರ ಪರವಾಗಿ ಹೇಳುತ್ತದೆ. ಎರಡನೆಯದು, ಕುರ್ಬಾನದಲ್ಲಿ ತೀರಿಕೊಂಡವರನ್ನು ನೆನೆಯದೆ ನಾವು ಮುಂದೆ ಹೋಗುವುದೇ ಇಲ್ಲ. ಸತ್ತವರು ಬದುಕಿದವರು ಒಂದೇ ಸಭೆ ಅನ್ನುವುದು ನಮ್ಮ ನಂಬಿಕೆ. ನಿಮ್ಮ ಚಿಕ್ಕಮ್ಮ ಗಂಡನನ್ನು ಕಳೆದುಕೊಂಡ ದುಃಖದಿಂದ ಆ ಮೇಜಿನಿಂದ ದೂರ ಇದ್ದಾರೆ. ನನ್ನ ಮಟ್ಟಿಗೆ ಅವರಿಬ್ಬರೂ ಈಗಲೂ ಒಟ್ಟಿಗೆ ಇರುವ ಜಾಗ ಅದೊಂದೇ. ನಿಮ್ಮ ಸಭೆಯಲ್ಲಿ ಇದನ್ನು ಹೀಗೆಯೇ ಹೇಳಲಿಕ್ಕಿಲ್ಲ, ಆದ್ರೂ ಅವರಿಗೆ ಹೇಳಿ.

ಕಂಕನಾಡಿ ಅಮ್ಮ:
ಇಷ್ಟೆಲ್ಲ ಓದಿದ ಮೇಲೆ ನನ್ನ ಮನಸ್ಸಿನದ್ದೂ ಹೇಳ್ತೇನೆ. ನಮ್ಮ ಸಭೆಯಲ್ಲಿ ಸ್ತೋತ್ರ ಕಾಣಿಕೆಯ ಲಕೋಟೆಗಳನ್ನು ಓದುತ್ತಾರೆ. ಮಗನಿಗೆ ವೀಸಾ ಸಿಕ್ಕಿತು, ಮಗಳು ಪಾಸಾದಳು, ಆಪರೇಷನ್ ಚೆನ್ನಾಗಿ ಆಯಿತು, ಹೊಸ ಮನೆ. ನಾನೂ ಕೊಟ್ಟವಳೇ. ತಪ್ಪಲ್ಲ ಅದು. ಹತ್ತು ಮಂದಿ ಕುಷ್ಠರೋಗಿಗಳು ಗುಣವಾದಾಗ ತಿರುಗಿ ಬಂದದ್ದು ಒಬ್ಬನೇ, ಅವನೂ ಯೆಹೂದ್ಯರು ದೂರ ಇಟ್ಟಿದ್ದ ಸಮಾರ್ಯದವನು, ಮಿಕ್ಕ ಒಂಬತ್ತು ಮಂದಿ ಎಲ್ಲಿ ಅಂತ ಯೇಸುವೇ ಕೇಳಿದ. ಬಂದು ಹೇಳಬೇಕು.

ಆದರೆ ನಮ್ಮವರಿಗೆ ಗಲ್ಫಿನಲ್ಲಿ ಕೆಲಸ ಹೋಗಿ ವಾಪಸ್ ಬಂದ ವರ್ಷ ಅದೇ ಪಟ್ಟಿ ಕೇಳುವುದು ಎಷ್ಟು ಕಷ್ಟ ಆಯಿತು ಅಂದ್ರೆ, ದೇವರು ಎಲ್ಲರ ಮನೆಗೆ ಹೋಗಿ ನಮ್ಮ ಮನೆ ಬಿಟ್ಟ ಹಾಗೆ. ಆ ಹೊತ್ತಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಸಂಸ್ಕಾರ. ಅಲ್ಲಿ ಪಟ್ಟಿ ಇಲ್ಲ. ವೀಸಾ ಸಿಕ್ಕಿದವರಿಗೂ ನನಗೂ ಒಂದೇ ಅಳತೆಯ ಚೂರು. ಆರಾಧನೆಯಲ್ಲಿ ಸಮಾಧಾನ ಕೊಡುವ ಹೊತ್ತು ಉಂಟಲ್ಲ, ಬಲ ಅಂಗೈಗೆ ಬಲ ಅಂಗೈ ಸೇರಿಸಿ ಎಡಗೈಯಿಂದ ಅವರ ಕೈ ಮುಚ್ಚುವುದು. ನನ್ನ ಪಕ್ಕದ ಹೆಂಗಸು ಹಾಗೆ ಮುಚ್ಚಿದ ಕೈ ಬಿಡಲೇ ಇಲ್ಲ, ಹಿಡಿದುಕೊಂಡೇ ನನ್ನನ್ನು ಮುಂದೆ ಕರೆದುಕೊಂಡು ಹೋದರು. ನನ್ನ ಬಾಯಿಂದ ಸ್ತೋತ್ರ ಬರಲಿಲ್ಲ. ಅವರು ಹೇಳಿದರು, ನಾನು ಆಮೆನ್ ಅಂದೆ.

ಬಲ್ಮಠ ವಿದ್ಯಾರ್ಥಿ:
ಅಮ್ಮಾ, ನೀವು ಹೇಳಿದ್ದೇ ಸಭೆಯ ಹಳೆಯ ಪದ್ಧತಿ. ಸುಮಾರು 155ರಲ್ಲಿ ರೋಮಿನಲ್ಲಿ ಜಸ್ಟಿನ್ ಎಂಬವರು ಭಾನುವಾರದ ಆರಾಧನೆ ಹೇಗೆ ನಡೆಯುತ್ತದೆ ಅಂತ ಬರೆದಿಟ್ಟಿದ್ದಾರೆ. ಅಧ್ಯಕ್ಷತೆ ವಹಿಸಿದವನು ರೊಟ್ಟಿ ಮತ್ತು ಪಾತ್ರೆಯ ಮೇಲೆ ತನ್ನಿಂದಾದಷ್ಟು ಕೃತಜ್ಞತೆ ಹೇಳುತ್ತಾನೆ, ಜನರೆಲ್ಲ ಆಮೆನ್ ಅನ್ನುತ್ತಾರೆ. ಒಬ್ಬರು ಹೇಳುವುದು, ಎಲ್ಲರೂ ಒಪ್ಪುವುದು. ಬಾರದವರಿಗೆ ಸೇವಕರು ತೆಗೆದುಕೊಂಡು ಹೋಗಿ ಕೊಡುತ್ತಾರೆ. ಇದ್ದವರು ಕೊಟ್ಟ ಕಾಣಿಕೆ ಅನಾಥರಿಗೆ, ವಿಧವೆಯರಿಗೆ, ಕಾಯಿಲೆಯವರಿಗೆ, ಸೆರೆಯಲ್ಲಿರುವವರಿಗೆ, ಪರದೇಶದವರಿಗೆ ಹೋಗುತ್ತದೆ. ಸ್ತೋತ್ರ, ರೊಟ್ಟಿ, ಕಾಣಿಕೆ ಮೂರೂ ಒಂದೇ ಕೆಲಸ ಆಗಿತ್ತು. ಲಕೋಟೆ ಓದುವುದನ್ನು ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ, ಆದರೆ ಆ ಹಣ ಯಾರ ಮನೆಗೆ ತಲುಪಿತು ಅಂತ ಅದೇ ಮಂಟಪದಿಂದ ಓದಿದರೆ ಒಳ್ಳೆಯದಿತ್ತು.

ಉಡುಪಿ ನರ್ಸ್:
ಆಸ್ಪತ್ರೆ ಡ್ಯೂಟಿ ಮುಗಿಸಿ ಈಗ ಓದಿದೆ. ಬಾರದವರಿಗೆ ತೆಗೆದುಕೊಂಡು ಹೋಗುವ ವಿಷಯ ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಸಭಾಪಾಲಕರ ಜೊತೆ ಹಾಸಿಗೆ ಹಿಡಿದವರ ಮನೆಗೆ ನಾನೂ ಹೋಗುವುದುಂಟು. ಒಂದು ಸಣ್ಣ ಪೆಟ್ಟಿಗೆ, ಅದರಲ್ಲಿ ಪುಟ್ಟ ಪಾತ್ರೆ, ದ್ರಾಕ್ಷಾರಸದ ಬಾಟಲಿ, ಬಿಳಿ ಬಟ್ಟೆ. ಔಷಧಿ ಇಟ್ಟ ಸ್ಟೂಲನ್ನೇ ಒರೆಸಿ ಆ ಬಟ್ಟೆ ಹಾಸುವುದು. ಒಬ್ಬರು ಅಜ್ಜಿಗೆ ಪಾರ್ಶ್ವವಾಯು ಆಗಿ ನುಂಗಲು ಕಷ್ಟ. ರೊಟ್ಟಿಯ ಚೂರು ಸಾಸಿವೆಯಷ್ಟು ಮುರಿದು, ರಸದಲ್ಲಿ ಅದ್ದಿ, ತುಟಿಯ ಒಳಗೆ ಇಟ್ಟು, ತಲೆ ಸ್ವಲ್ಪ ಮುಂದೆ ಬಗ್ಗಿಸಿ ಹಿಡಿಯಬೇಕು, ಇಲ್ಲದಿದ್ರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಮಾತು ಪೂರ್ತಿ ಹೋಗಿದೆ ಅವರಿಗೆ. ಕೃತಜ್ಞತೆಯ ಪ್ರಾರ್ಥನೆ ನಾವು ಹೇಳುತ್ತೇವೆ. ಅವರಿಂದ ಆಗುವುದು ಕಣ್ಣು ಮುಚ್ಚಿ ತೆರೆಯುವುದು ಮಾತ್ರ. ಅವರು ಸ್ತೋತ್ರ ಹೇಳಲಿಲ್ಲ ಅಂತ ಯಾರಾದರೂ ಹೇಳಬಹುದಾ? ದುಃಖದಿಂದ ಮಾತು ನಿಂತವರಿಗೂ ಪಾರ್ಶ್ವವಾಯುವಿನಿಂದ ಮಾತು ನಿಂತವರಿಗೂ ಸಭೆ ಮಾಡಬೇಕಾದ್ದು ಒಂದೇ ಅಂತ ನನಗೆ ಅನ್ನಿಸುವುದು.

2020ರಲ್ಲಿ ಕೋವಿಡಿನಿಂದ ಆರಾಧನೆಯ ಬಾಗಿಲು ಮುಚ್ಚಿದಾಗ ಫೋನಿನ ಮುಂದೆ ಮನೆಯಲ್ಲೇ ರೊಟ್ಟಿ ಇಟ್ಟುಕೊಳ್ಳಬಹುದಾ ಅಂತ ಎಲ್ಲ ಕಡೆ ಚರ್ಚೆ ಆಯಿತು. ಆಗಲೂ ನನಗೆ ಕಾಡಿದ್ದು ಫೋನೇ ಇಲ್ಲದ ಇಂಥ ಅಜ್ಜಿಯರ ವಿಷಯ.

ಮಣಿಪಾಲದ ಪಕ್ಕದ ಮನೆ:
ನನ್ನ ಪ್ರಶ್ನೆಗೆ ಇಷ್ಟು ತಾಳ್ಮೆಯಿಂದ ಹೇಳಿದ್ದಕ್ಕೆ ವಂದನೆ. ಮದುವೆಯಲ್ಲಿ ಯಾರಾದರೂ ಪಕ್ಕದಲ್ಲಿ ಕೂತು ಇದನ್ನೇ ಎರಡು ಮಾತಲ್ಲಿ ಹೇಳಿದ್ದರೆ ಚೆನ್ನಾಗಿತ್ತು.

ಹಂಪನಕಟ್ಟೆ ಹಿರಿಯ:
ನರ್ಸಮ್ಮ, ನಿಮ್ಮನ್ನು ದೇವರು ಆಶೀರ್ವದಿಸಲಿ. ನನ್ನ ಮಾತು ಚಿಕ್ಕಮ್ಮನಂಥವರಿಗೆ ಹೇಳಿದ್ದಲ್ಲ, ಅಸಡ್ಡೆಯಿಂದ ಬರುವವರಿಗೆ. ಅವರಿಗೆ ಅದು ಈಗಲೂ ಅನ್ವಯಿಸುತ್ತದೆ. ಜೆಪ್ಪುವಿನವರೇ, ಅವರನ್ನು ಎಲ್ಲರ ಮುಂದೆ ಒತ್ತಾಯ ಮಾಡಬೇಡಿ.

ಜೆಪ್ಪುವಿನವಳು:
ಎಲ್ಲರದ್ದೂ ಓದಿದೆ, ಎರಡು ಸಲ. ನಿನ್ನೆ ಸಂಜೆ ಚಿಕ್ಕಮ್ಮನ ಮನೆಗೆ ಹೋಗಿ 116ನೇ ಕೀರ್ತನೆ ಓದಿ ಹೇಳಿದೆ. ಮನುಷ್ಯರೆಲ್ಲ ಸುಳ್ಳುಗಾರರು ಅನ್ನುವಲ್ಲಿ ನಿಲ್ಲಿಸಲು ಹೇಳಿ, ಬೈಬಲ್ ತೆಗೆದುಕೊಂಡು ಅವರೇ ಓದಿದರು. ಬ್ರಹ್ಮಾವರದವರ ಮಾತನ್ನೂ ಹೇಳಿದೆ. ನಮ್ಮ ಸಭೆಯಲ್ಲಿ ಹಾಗೆ ಹೇಳುವುದಿಲ್ಲವಲ್ಲ ಅಂದರು, ಆದರೆ ಇನ್ನೊಮ್ಮೆ ಹೇಳು ಅಂದರು. ಮುಂದಿನ ಸಂಸ್ಕಾರಕ್ಕೆ ಹೋಗುತ್ತಾರೋ ಇಲ್ವೋ ಗೊತ್ತಿಲ್ಲ, ನಾನೂ ಕೇಳಲಿಲ್ಲ. ಅವತ್ತು ನಾನು ಅವರ ಬೆಂಚಲ್ಲೇ ಕೂತುಕೊಳ್ಳುತ್ತೇನೆ, ಅವರು ಏಳುವವರೆಗೆ ಏಳುವುದಿಲ್ಲ.

ನರ್ಸಮ್ಮನಿಗೆ ಒಂದು ಪ್ರಶ್ನೆ: ನಮ್ಮ ಬೀದಿಯಲ್ಲಿ ಸೊಂಟ ಮುರಿದು ಮಲಗಿರುವ ಒಬ್ಬ ಹಿರಿಯರಿದ್ದಾರೆ, ಮನೆಗೆ ಯಾರೂ ಸಂಸ್ಕಾರ ತಂದುಕೊಟ್ಟ ಹಾಗಿಲ್ಲ. ಅದಕ್ಕೆ ಯಾರಿಗೆ ಹೇಳಬೇಕು?

ಉಡುಪಿ ನರ್ಸ್:
ಸಭಾಪಾಲಕರಿಗೆ ನೇರವಾಗಿ ಹೇಳಿ, ಫೋನ್ ಮಾಡಿದರೂ ಸಾಕು. ಸಂಸ್ಕಾರದ ಭಾನುವಾರಕ್ಕೆ ಮೊದಲೇ ತಿಳಿಸಿದರೆ ಆರಾಧನೆ ಮುಗಿದ ಮೇಲೆ ಅಲ್ಲಿಂದಲೇ ಬರಬಹುದು. ಅವರಿಗೆ ನುಂಗಲು ಕಷ್ಟ ಇದ್ದರೆ, ಸಕ್ಕರೆ ಕಾಯಿಲೆ ಇದ್ದರೆ ಅದನ್ನೂ ಹೇಳಿ. ಮನೆಯವರೆಲ್ಲ ಇರುವ ಹೊತ್ತು ನೋಡಿ ಕರೆಯಿರಿ, ಅವರೂ ಒಟ್ಟಿಗೆ ತೆಗೆದುಕೊಳ್ಳಲಿ. ಮತ್ತೆ ನೀವೂ ಹೋಗಿ.